ಒಂದೇ ಕಂಬ, ಎರಡು ಭಾಷೆ

ಹಾಸ್ಟೆಲ್ ಇರುವ ಕಾಲೇಜು, ಅದೂ 945ರಲ್ಲಿ, ಅದೂ ನಮ್ಮ ಇಂಡಿ ತಾಲ್ಲೂಕಿನಲ್ಲಿ! ಸಾಲೋಟಗಿಯ ಶಾಸನ ಓದುತ್ತ ಹೋದರೆ ರೋಮಾಂಚನ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಸಂಸ್ಕೃತ ಶಾಲೆ ಅದು. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ದೀಪಕ್ಕೆಂದೇ 12 ನಿವರ್ತನ (ಆಗಿನ ಭೂ ಅಳತೆ) ಹೊಲ, ಗುರುವಿಗೆ 50 ನಿವರ್ತನ. ಊರಲ್ಲಿ ಮದುವೆಯಾದರೂ ಶಾಲೆಗೆ ಕಾಣಿಕೆ, ಮುಂಜಿಯಾದರೂ ಕಾಣಿಕೆ! ಶಾಸನ ಕೆತ್ತಿರುವ ಆ ಕಂಬದ ಮೇಲೆ ಸಂಸ್ಕೃತವೂ ಇದೆ, ಕನ್ನಡವೂ ಇದೆ.

ಒಳಗೆ ಸಂಸ್ಕೃತ ಪಾಠ, ಹೊರಗೆ ಓಣಿಯಲ್ಲಿ ಕನ್ನಡ. ಎರಡು ವ್ಯಾಕರಣ ಅಕ್ಕಪಕ್ಕ ಕೂತಾಗ ಏನೇನು ಕಾಣುತ್ತದೆ ನೋಡಿ. ಸಂಸ್ಕೃತದಲ್ಲಿ ಹೆಂಡತಿಗೆ 'ಭಾರ್ಯಾ' ಎಂದರೆ ಸ್ತ್ರೀಲಿಂಗ, 'ಕಲತ್ರ' ಎಂದರೆ ನಪುಂಸಕ, 'ದಾರಾಃ' ಎಂದರೆ ಪುಲ್ಲಿಂಗ, ಅದೂ ಬಹುವಚನ! ಅಲ್ಲಿ ಲಿಂಗ ಶಬ್ದದ್ದು. ಕನ್ನಡದಲ್ಲಿ ಅರ್ಥದ್ದು, ಹೆಂಡತಿ ಯಾವ ಹೆಸರಿನಲ್ಲಿ ಬಂದರೂ 'ಬಂದಳು'. ಸಂಸ್ಕೃತ ಕಲಿಯುವ ತನಕ ಇದೊಂದು ನಿಯಮ ಎಂದೇ ನಮಗೆ ಹೊಳೆದಿರುವುದಿಲ್ಲ.

ಇನ್ನು ವಿಭಕ್ತಿ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿ: 'ಇಂಡಿಯಿಂದ ಬಂದೀನಿ, ಸಿಂದಗಿಗಿ ಹೊಂಟೀನಿ, ಮುದ್ದೇಬಿಹಾಳದಾಗ ಕೆಲಸ ಅದ.' ಚತುರ್ಥಿ ಇದೆ, ಸಪ್ತಮಿ ಇದೆ. ಪಂಚಮಿ ಎಲ್ಲಿ? ಶಾಲೆಯ ಪುಸ್ತಕದ ಪ್ರಕಾರ 'ಇಂಡಿಯ ದೆಸೆಯಿಂದ' ಬರಬೇಕು. ಯಾರು ಹಾಗೆ ಬರುತ್ತಾರೆ? ತೃತೀಯೆಯ 'ಇಂದ'ವೇ ಆ ಕೆಲಸವನ್ನೂ ಮಾಡಿ ಮುಗಿಸಿದೆ. ಸಂಸ್ಕೃತದಲ್ಲಿ ಏಳು ಇವೆ, ನಮಗೂ ಏಳು ಇರಲಿ ಎಂದು ಹಿಡಿದ ಲೆಕ್ಕ ಅದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇಂಗ್ಲಿಷಿನದೂ ಇದೇ ಕಥೆ! 1586ರಲ್ಲಿ ವಿಲಿಯಂ ಬುಲ್ಲೊಕರ್ ಮೊಟ್ಟಮೊದಲ ಇಂಗ್ಲಿಷ್ ವ್ಯಾಕರಣ ಬರೆದದ್ದು ಲ್ಯಾಟಿನ್ ಅಚ್ಚಿನಲ್ಲಿ. ಅದಕ್ಕೆ ಮುನ್ನೂರು ವರ್ಷ ಮೊದಲೇ ಕೇಶಿರಾಜ ಕನ್ನಡದ ವ್ಯಾಕರಣ 'ಶಬ್ದಮಣಿದರ್ಪಣ'ವನ್ನು ಕನ್ನಡದಲ್ಲೇ, ಕಂದಪದ್ಯಗಳಲ್ಲಿ ಬರೆದಿದ್ದ. 1604ರಲ್ಲಿ ಭಟ್ಟಾಕಳಂಕ ಅದೇ ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರ ಕಟ್ಟಿದ. ಕನ್ನಡವನ್ನು ವಿವರಿಸಲು ಸಂಸ್ಕೃತ!

ಬಸವನ ಬಾಗೇವಾಡಿಯ ಹುಡುಗಿಯೊಬ್ಬಳಿಗೆ ಈಗ ಕನ್ನಡ, ಇಂಗ್ಲಿಷ್ ಎರಡೂ ಪಾಠ. ಆದರೆ ಬೇರೆ ಬೇರೆ ಪಿರಿಯಡ್‌ನಲ್ಲಿ, ಬೇರೆ ಬೇರೆ ನೋಟ್‌ಬುಕ್‌ನಲ್ಲಿ. ಮೇಷ್ಟ್ರೇ, ಒಂದು ದಿನ ಎರಡನ್ನೂ ಒಂದೇ ಬೋರ್ಡಿನ ಮೇಲೆ ಬರೆಯಿರಿ: 'ಫ್ರಮ್ ಇಂಡಿ', 'ಇಂಡಿಯಿಂದ'. ಅಲ್ಲಿ ಊರಿನ ಮುಂದೆ ನಿಂತದ್ದು ಇಲ್ಲಿ ಬಾಲಕ್ಕೆ ಹೇಗೆ ಅಂಟಿಕೊಂಡಿತು ಎಂದು ಅವಳನ್ನೇ ಕೇಳಿ.