ಯೋಗಾಭ್ಯಾಸ: ಹೊಸಬರು ಏನನ್ನು ನಿರೀಕ್ಷಿಸಬಹುದು?

ಪ್ರತಿವರ್ಷ ಜೂನ್ 21ರಂದು ನಮ್ಮ ಶಾಲೆಯ ಜಗಲಿ ತುಂಬಿ ತುಳುಕುತ್ತದೆ. ಹೊರಗೆ ಜಡಿಮಳೆ, ಅಂಗಳದಲ್ಲಿ ಕಾಲಿಡುವಂತಿಲ್ಲ. ಚಾಪೆ, ಹಳೆಯ ಸೀರೆ, ಬೆಡ್‌ಶೀಟು, ಹೀಗೆ ಕೈಗೆ ಸಿಕ್ಕಿದ್ದನ್ನು ಹಾಸಿಕೊಂಡು ಮಕ್ಕಳು ಸಾಲಾಗಿ ಕುಳಿತುಕೊಳ್ಳುತ್ತಾರೆ. 2015ರಿಂದ ನಡೆದುಬಂದಿರುವ ಅಂತಾರಾಷ್ಟ್ರೀಯ ಯೋಗ ದಿನದ ಸಂಭ್ರಮವದು. ಮುಂದಿನ ವಾರ ಆ ಸಾಲು ಅರ್ಧಕ್ಕಿಳಿಯುತ್ತದೆ. ಆಟಿ ತಿಂಗಳು ಕಳೆಯುವಾಗ ಉಳಿಯುವವರು ನಾಲ್ಕಾರು ಮಂದಿ ಮಾತ್ರ. ಏಕೆ ಬಿಟ್ಟಿರಿ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಮಾಡಿದೆವು ಟೀಚರ್, ಆದರೆ ಏನೂ ಆಗಲಿಲ್ಲ."

ಈ 'ಏನೂ ಆಗಲಿಲ್ಲ' ಎಂಬ ಮಾತನ್ನು ನಾವು ಸ್ವಲ್ಪ ವಿಚಾರಿಸಿ ನೋಡಬೇಕು. ಏನಾಗಬೇಕೆಂದು ನಾವು ಕಾದಿದ್ದೆವು? ಅದು ಎಷ್ಟು ದಿನಗಳಲ್ಲಿ ಆಗಬೇಕಿತ್ತು? ಅಡಿಕೆ ಸಸಿ ನೆಟ್ಟವನು ಮೊದಲ ಫಸಲಿಗಾಗಿ ಐದಾರು ವರ್ಷ ಕಾಯುತ್ತಾನೆ. ಯಕ್ಷಗಾನದ ಹೆಜ್ಜೆ ಕಲಿಯಲು ಹೋದ ಹುಡುಗ ಮೊದಲ ದಿನವೇ ವೇಷ ಕಟ್ಟಿ ರಂಗಸ್ಥಳಕ್ಕೆ ಇಳಿಯುವುದಿಲ್ಲ. ನಮ್ಮ ದೇಹದ ವಿಷಯದಲ್ಲಿ ಮಾತ್ರ ನಮಗೆ ಹದಿನೈದು ದಿನಗಳ ತಾಳ್ಮೆಯೂ ಇಲ್ಲ!

ಮೊದಲು ಒಂದು ನಿಜವಾದ ಉದಾಹರಣೆಯನ್ನು ನೋಡೋಣ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಒಂದು ಯೋಗಶಾಲೆ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ. ಗುರುಗಳು ತಿರುಮಲೈ ಕೃಷ್ಣಮಾಚಾರ್ಯರು. ಅವರ 'ಯೋಗ ಮಕರಂದ' ಎಂಬ ಗ್ರಂಥ 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು ಎಂಬುದು ನಮಗೆ ಹೆಮ್ಮೆಯ ಸಂಗತಿ. ಅದೇ ವರ್ಷ ಅವರ ಬಳಿಗೆ ಒಬ್ಬ ಹುಡುಗ ಬಂದ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಈ ಬಾಲಕ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ನವೆದುಹೋಗಿದ್ದ. ಬಗ್ಗಿದರೆ ಕೈ ಪಾದಕ್ಕೆ ತಾಗುತ್ತಿರಲಿಲ್ಲ. ಗುರುಗಳಿಗೂ ಅವನಲ್ಲಿ ಹೆಚ್ಚಿನ ಭರವಸೆ ಇರಲಿಲ್ಲ. ಅವನೇ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಲೋಕಪ್ರಸಿದ್ಧನಾದವನು. 1937ರಲ್ಲಿ ಪುಣೆಗೆ ಹೋಗಿ ಯೋಗಶಿಕ್ಷಕನಾಗಿ, 1966ರಲ್ಲಿ 'ಲೈಟ್ ಆನ್ ಯೋಗ' ಎಂಬ ಪುಸ್ತಕವನ್ನು ಪ್ರಕಟಿಸಿ, 2014ರಲ್ಲಿ ತೀರಿಕೊಂಡಾಗ ಆತನಿಗೆ 95 ವರ್ಷ. ಮೊದಲ ತಿಂಗಳಲ್ಲೇ 'ಏನೂ ಆಗಲಿಲ್ಲ' ಎಂದು ಆ ಹುಡುಗ ಎದ್ದು ಹೋಗಿದ್ದರೆ?

ಎಲ್ಲರೂ ಅಯ್ಯಂಗಾರರಾಗಬೇಕಿಲ್ಲ. ನಮ್ಮ ನಿಮ್ಮಂತಹ ಸಾಮಾನ್ಯರಿಗೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಅಷ್ಟರಿಂದ ಏನು ದೊರೆಯುತ್ತದೆ, ಯಾವಾಗ ದೊರೆಯುತ್ತದೆ ಎಂಬುದನ್ನು ಈಗ ಕ್ರಮವಾಗಿ ತಿಳಿಯೋಣ.

ಮೊದಲ ವಾರದಲ್ಲಿ ದೊರೆಯುವುದು ನೋವು! ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹನ್ನೆರಡು ಹಂತಗಳ ಸೂರ್ಯನಮಸ್ಕಾರವನ್ನು ನಾಲ್ಕು ಸಲ ಮಾಡಿದವನಿಗೆ ಮರುದಿನ ತೊಡೆ, ಮೀನಖಂಡ, ಭುಜಗಳು ಬಿಗಿದುಕೊಳ್ಳುತ್ತವೆ. ಅಭ್ಯಾಸವಿಲ್ಲದ ಸ್ನಾಯುಗಳು ಕೆಲಸಕ್ಕೆ ತೊಡಗಿದಾಗ ಹೀಗಾಗುವುದು ಸಹಜ. ಒಂದೆರಡು ದಿನ ಹೆಚ್ಚಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಆದರೆ ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಅದು ಬೇರೆ ಮಾತು, ಕೂಡಲೇ ನಿಲ್ಲಿಸಬೇಕು. ನಲವತ್ತು ದಾಟಿದ ಮೇಲೆ ನಾವೂ ಇದನ್ನು ಆರಂಭಿಸಿದಾಗ ಮೊಣಕಾಲು 'ಕಟಕಟ' ಎಂದುದನ್ನು ಮುಚ್ಚಿಡುವುದಿಲ್ಲ.

ಎರಡನೆಯ ವಾರ ಬರುವುದು ಬೇಸರ. ಹೊಸತನ ಕಳೆದಿರುತ್ತದೆ, ಫಲ ಕಂಡಿರುವುದಿಲ್ಲ. ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಇದಕ್ಕೆ ಉಪಾಯವೆಂದರೆ ಸಮಯವನ್ನೂ ಸ್ಥಳವನ್ನೂ ಬದಲಿಸದಿರುವುದು. ಹಲ್ಲುಜ್ಜುವುದಕ್ಕೆ ಉತ್ಸಾಹ ಬೇಕೆಂದು ಯಾರೂ ಕಾಯುವುದಿಲ್ಲವಷ್ಟೆ. ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದಾಗಲೇ ಗಟ್ಟಿಯಾಗುತ್ತದೆ ಎಂದು ಪತಂಜಲಿಗಳೂ ಹೇಳಿದ್ದಾರೆ.

ಒಂದು ತಿಂಗಳು ಕಳೆದಾಗ ಕಾಣಿಸುವ ಬದಲಾವಣೆ ತೀರ ಸಣ್ಣದು, ಗಮನಿಸದಿದ್ದರೆ ತಪ್ಪಿಹೋಗುತ್ತದೆ. ರಾತ್ರಿ ಹಾಸಿಗೆಯಲ್ಲಿ ಹೊರಳಾಡುವುದು ಕಡಿಮೆಯಾಗಬಹುದು. ಬೆಂಚಿನ ಮೇಲೆ ಕುಳಿತಾಗ ಬೆನ್ನು ಬೇಗ ಸೋಲದಿರಬಹುದು. ಎರಡು ಮೂರು ತಿಂಗಳಲ್ಲಿ ಉಸಿರಾಟದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಹೊಸಬರು ಎದೆಯ ಮೇಲ್ಭಾಗದಿಂದಷ್ಟೇ ಉಸಿರೆಳೆಯುವುದುಂಟು. ಅಭ್ಯಾಸವಾದಂತೆ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯು ಚೆನ್ನಾಗಿ ಕೆಳಗಿಳಿದು, ಶ್ವಾಸ ನಿಧಾನವೂ ಆಳವೂ ಆಗುತ್ತದೆ. ಉಸಿರನ್ನು ಹೊರಬಿಡುವಾಗ ಹೃದಯದ ಬಡಿತ ತುಸು ತಗ್ಗುವುದು ಶರೀರದ ಸ್ವಭಾವ. ಆದುದರಿಂದಲೇ ನಾಲ್ಕು ಎಣಿಸುವವರೆಗೆ ಒಳಗೆಳೆದು, ಆರು ಎಣಿಸುವವರೆಗೆ ಮೆಲ್ಲನೆ ಹೊರಬಿಟ್ಟರೆ ಮನಸ್ಸಿಗೆ ನೆಮ್ಮದಿ ಎನಿಸುತ್ತದೆ. ಆರಂಭದಲ್ಲಿ ಉಸಿರನ್ನು ಕಟ್ಟಿ ಹಿಡಿಯುವುದು ಬೇಡ. ತಲೆ ತಿರುಗಿದರೆ ನಿಲ್ಲಿಸಿ ಸಹಜವಾಗಿ ಉಸಿರಾಡಬೇಕು.

ಕನ್ನಡ ಪಾಠ ಮಾಡುವ ನಮಗೆ ಇದು ಕಿವಿಗೇ ತಿಳಿಯುತ್ತದೆ. ಷಟ್ಪದಿಯ ಒಂದು ಸಾಲನ್ನು ಓದುವಾಗ ನಡುವೆಯೇ ಉಸಿರು ಮುಗಿದು ಪದವನ್ನು ಮುರಿಯುತ್ತಿದ್ದ ಮಕ್ಕಳಿದ್ದಾರೆ. ಬೆಳಗಿನ ಸಾಲಿನಲ್ಲಿ ಬಿಡದೆ ಕುಳಿತ ಒಬ್ಬಿಬ್ಬರು ದಸರಾ ರಜೆ ಮುಗಿಸಿ ಬಂದ ಮೇಲೆ ಸಾಲಿನ ಕೊನೆಯವರೆಗೂ ಅವಸರವಿಲ್ಲದೆ ಓದಿದುದನ್ನು ಕೇಳಿದ್ದೇವೆ. ಅವರಿಗೇ ಅದು ಗೊತ್ತಿರಲಿಲ್ಲ!

ಇದು ನಮ್ಮ ದೇಶದ ಅನುಭವ ಮಾತ್ರವಲ್ಲ. ಚೀನದಲ್ಲಿ 'ಚಿಗೋಂಗ್' ಎಂಬ ಅಭ್ಯಾಸವಿದೆ. 'ಚಿ' ಎಂದರೆ ಉಸಿರು ಅಥವಾ ಪ್ರಾಣಶಕ್ತಿ. 'ಗೋಂಗ್' ಎಂದರೆ ಶ್ರಮದಿಂದ ಪಡೆದ ಸಾಧನೆ. ಕೈಕಾಲುಗಳ ನಿಧಾನವಾದ ಚಲನೆಯನ್ನು ಉಸಿರಿನೊಡನೆ ಹೊಂದಿಸುವುದೇ ಅದರ ತಿರುಳು. ಎಂಟು ಚಲನೆಗಳ ಒಂದು ಹಳೆಯ ಕ್ರಮವನ್ನು ಅಲ್ಲಿನ ಮುದುಕರು ಮುಂಜಾನೆ ಉದ್ಯಾನಗಳಲ್ಲಿ ನಿಂತು ಮಾಡುತ್ತಾರೆ. ನೋಡುವವರಿಗೆ ಅದು ಏನೂ ಅಲ್ಲವೆಂದು ತೋರುತ್ತದೆ. ನಿತ್ಯವೂ ಮಾಡುವುದರಲ್ಲಿಯೇ ಅದರ ಗುಟ್ಟಿದೆ.

ಇನ್ನು ಏನನ್ನು ನಿರೀಕ್ಷಿಸಬಾರದು ಎಂಬ ಮಾತು. ಇದು ಹೆಚ್ಚು ಮುಖ್ಯವಾದುದು. ವಾರದಲ್ಲಿ ಬೊಜ್ಜು ಕರಗುವುದಿಲ್ಲ. ಓದದವನಿಗೆ ಎಸ್.ಎಸ್.ಎಲ್.ಸಿ.ಯಲ್ಲಿ ಅಂಕ ಬರುವುದಿಲ್ಲ. ಪರೀಕ್ಷೆಯ ಹಾಲಿನಲ್ಲಿ ಎದೆ ಡವಗುಟ್ಟಿದಾಗ ಉಸಿರನ್ನು ತಹಬಂದಿಗೆ ತರಲು ಅದು ನೆರವಾದೀತು, ಅಷ್ಟೆ. ಎಲ್ಲಕ್ಕಿಂತ ಮಿಗಿಲಾಗಿ, ಅದು ಔಷಧಿಗೆ ಬದಲಿಯಲ್ಲ. ನಮ್ಮ ಪರಿಚಯದ ಮನೆಯೊಂದರಲ್ಲಿ ಹೀಗಾಯಿತು. ಉಬ್ಬಸವಿದ್ದ ಹುಡುಗನಿಗೆ ಯಾರೋ ಪ್ರಾಣಾಯಾಮ ಮಾಡಿದರೆ ಸಾಕೆಂದರು. ಮನೆಯವರು ನಂಬಿ, ದಿನಾಲೂ ಎಳೆಯುತ್ತಿದ್ದ ಇನ್‌ಹೇಲರನ್ನು ನಿಲ್ಲಿಸಿದರು. ಮಳೆಗಾಲದ ಒಂದು ನಡುರಾತ್ರಿ ಉಸಿರು ಸಿಕ್ಕಿಕೊಂಡು ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಪುಣ್ಯಕ್ಕೆ ಹುಡುಗ ಉಳಿದ. ಈಗ ಅವನು ಔಷಧಿಯನ್ನೂ ತೆಗೆದುಕೊಳ್ಳುತ್ತಾನೆ, ಅಭ್ಯಾಸವನ್ನೂ ಮಾಡುತ್ತಾನೆ. ಇವೆರಡಕ್ಕೂ ಜಗಳವಿಲ್ಲ. ಉಬ್ಬಸ, ಅಪಸ್ಮಾರ, ಹೃದ್ರೋಗಗಳಿರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಅವರು ಹೇಳದೆ ಒಂದು ಗುಳಿಗೆಯನ್ನೂ ಬಿಡಬಾರದು. ಅತಿಯಾಗಿ ಆಸೆಪಟ್ಟವನು ಒಂದೋ ಬೇಗ ಕೈಬಿಡುತ್ತಾನೆ, ಇಲ್ಲವೇ ಹೀಗೆ ಅಪಾಯಕ್ಕೆ ಸಿಲುಕುತ್ತಾನೆ.

ಆರಂಭಿಸುವವರು ಈ ಕೆಲವು ನಿಯಮಗಳನ್ನು ಪಾಲಿಸಿದರೆ ಸಾಕು. ಬೆಳಿಗ್ಗೆ ಖಾಲಿ ಹೊಟ್ಟೆ ಉತ್ತಮ. ಸಂಜೆಯಾದರೆ ಊಟ ಮಾಡಿ ಮೂರು ಗಂಟೆಯಾದರೂ ಆಗಿರಬೇಕು. ಒದ್ದೆ ನೆಲದಲ್ಲಿ, ಜಾರುವ ಟೈಲ್ಸಿನ ಮೇಲೆ ಮಾಡಬಾರದು. ಶೀರ್ಷಾಸನದಂತಹವನ್ನು ಪುಸ್ತಕ, ವೀಡಿಯೊ ನೋಡಿ ಕಲಿಯಬಾರದು, ಬಲ್ಲವರು ಎದುರಿಗಿರಬೇಕು. ಜ್ವರ ಬಂದ ದಿನ ವಿಶ್ರಾಂತಿಯೇ ಯೋಗ. ಪಕ್ಕದವನ ಕೈ ಪಾದ ಮುಟ್ಟಿತೆಂದು ಸ್ಪರ್ಧೆಗಿಳಿಯಬಾರದು. ಕೊನೆಯಲ್ಲಿ ಐದು ನಿಮಿಷ ಶವಾಸನವನ್ನು ತಪ್ಪಿಸಬಾರದು. ಒಂದು ದಿನ ತಪ್ಪಿದರೆ ಚಿಂತೆಯಿಲ್ಲ. ಎರಡನೆಯ ದಿನ ತಪ್ಪದಂತೆ ನೋಡಿಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರೇ, ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ನಿಮಗೆ ತಿಳಿದದ್ದೇ. ಇಂದಿನ ಇಪ್ಪತ್ತು ನಿಮಿಷದಿಂದ ಇಂದು ಏನೂ ಕಾಣಿಸದು. ಮುಂದಿನ ಜೂನ್ 21ರಂದು ಮತ್ತೆ ಈ ಜಗಲಿ ತುಂಬುವುದು ಖಂಡಿತ. ಅಂದು ಹೊಸದಾಗಿ ಸೇರಿದ ಎಂಟನೆಯ ತರಗತಿಯ ಮಕ್ಕಳು "ಇದರಿಂದ ಏನಾಗುತ್ತದೆ?" ಎಂದು ನಮ್ಮನ್ನು ಕೇಳುತ್ತಾರೆ. ಆಗ ಉತ್ತರ ಹೇಳಲು ಒಂದು ವರ್ಷ ಬಿಡದೆ ಮಾಡಿದ ನಿಮ್ಮಲ್ಲೊಬ್ಬರು ಎದ್ದು ನಿಲ್ಲಬೇಕೆಂಬುದು ನಮ್ಮ ಆಸೆ.