ಚಿರತೆಯ ಭಯವೂ ಮರದ ಸಲಿಗೆಯೂ



2020ರ ಮೇ ತಿಂಗಳಲ್ಲಿ ನಮ್ಮ ಮಾಗಡಿ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ಒಂದು ಪುಟ್ಟ ಮಗುವೂ ಒಬ್ಬ ವೃದ್ಧೆಯೂ ಬಲಿಯಾದುದನ್ನು ಕಲ್ಯದ ಸುತ್ತಿನವರು ಮರೆತಿಲ್ಲ. ಕತ್ತಲಾದ ಮೇಲೆ ತೋಟಕ್ಕೆ ನೀರು ಬಿಡಲು ಒಬ್ಬರೇ ಹೋಗಲು ಹಿಂಜರಿಯುತ್ತೇವೆ. ಆ ಎಚ್ಚರ ಸರಿಯಾದುದೇ. ಆದರೆ ಪಾಚಿ ಹಿಡಿದ ಅಡಿಕೆ ಮರಕ್ಕೆ ಸೊಂಟದ ಹಗ್ಗವಿಲ್ಲದೆ ಕೆಲಸಗಾರನನ್ನು ಹತ್ತಿಸಲು ನಾವು ಹಿಂಜರಿಯುವುದಿಲ್ಲ. ಅಪರೂಪದ ಅಪಾಯಕ್ಕೆ ಹೆದರುತ್ತೇವೆ, ನಿತ್ಯದ ಅಪಾಯದೊಡನೆ ಸಲಿಗೆ ಬೆಳೆಸುತ್ತೇವೆ.

ಒಂದು ಲೆಕ್ಕ ಮಾಡಿ ನೋಡೋಣ. ನುರಿತವನು ಒಮ್ಮೆ ಮರ ಹತ್ತಿದಾಗ ಬೀಳುವ ಸಂಭವ ಹತ್ತು ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳಿ. ಬಹಳ ಕಡಿಮೆ ಎನಿಸುತ್ತದೆ. ಆತ ದಿನಕ್ಕೆ 100 ಮರದಂತೆ 100 ದಿನ ಹತ್ತಿದರೆ 10,000 ಸಲವಾಯಿತು. ಅಷ್ಟರಲ್ಲಿ ಒಮ್ಮೆಯಾದರೂ ಬೀಳುವ ಸಂಭವ ನೂರಕ್ಕೆ 63! ಸೊಂಟಪಟ್ಟಿ, ಹಗ್ಗಗಳಿಂದ ಪ್ರತಿ ಸಲದ ಅಪಾಯವನ್ನು ಲಕ್ಷಕ್ಕೆ ಒಂದರಷ್ಟಕ್ಕೆ ಇಳಿಸಿದರೆ, ಅದೇ ಸಂಭವ ನೂರಕ್ಕೆ ಹತ್ತರೊಳಗೆ ಬರುತ್ತದೆ. "ಮೂವತ್ತು ವರ್ಷದಿಂದ ಹತ್ತುತ್ತಿದ್ದಾನೆ, ಏನೂ ಆಗಿಲ್ಲ" ಎಂಬುದು ಅವನ ಅದೃಷ್ಟದ ಮಾತೇ ಹೊರತು ಮರದ ಭರವಸೆಯಲ್ಲ. ಮಳೆ ನಿಂತ ಕೂಡಲೇ ಬೋರ್ಡೋ ಸಿಂಪಡಿಸಲು ಅವಸರ ಮಾಡದೆ, ಕಾಂಡ ಒಣಗುವವರೆಗೆ ಕಾಯಿರಿ.

ಮರ ಹತ್ತುವುದನ್ನು ತಪ್ಪಿಸಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಅನುಕೂಲ ನಿಜ. ಆದರೆ ಅಲ್ಯೂಮಿನಿಯಂನಂತೆ ಅದರಲ್ಲೂ ವಿದ್ಯುತ್ ಹರಿಯುತ್ತದೆ. ಕಾಫಿ ತೋಟದಲ್ಲಿ ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಗೂ ಇದೇ ಮಾತು. ತಂತಿಯ ಬಳಿಯ ಮರಗಳ ಕೆಲಸಕ್ಕೆ ಮೊದಲು ಬೆಸ್ಕಾಂ ಕಚೇರಿಗೆ ತಿಳಿಸಿ ಲೈನ್ ತೆಗೆಸಿ. ಯಾರಿಗಾದರೂ ವಿದ್ಯುತ್ ತಗುಲಿದರೆ, ಅದು ನಿಲ್ಲುವವರೆಗೆ ಅವರನ್ನು ಮುಟ್ಟಬೇಡಿ.

ನೆಲದ ಮೇಲಿನ ಅಪಾಯವೂ ಕಡಿಮೆಯಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು ಒಂದು ಅಧ್ಯಯನ ಅಂದಾಜು ಮಾಡಿದೆ. ಅರ್ಧದಷ್ಟು ಸಾವು ಮಳೆಗಾಲದಲ್ಲಿಯೇ. ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದಿಗೆ ಕಾಯುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ವಿಷಕ್ಕೆ ಪ್ರತಿಮದ್ದು ಇರುವ ಆಸ್ಪತ್ರೆಗೆ ತಕ್ಷಣ ಸಾಗಿಸಿ. ರಸ್ತೆಯ ಲೆಕ್ಕ ಇನ್ನೂ ದೊಡ್ಡದು: 2022ರಲ್ಲಿ ದೇಶದಲ್ಲಿ 1,68,491 ಸಾವು. ಇದರಲ್ಲಿ ದ್ವಿಚಕ್ರ ವಾಹನದವರ ಪಾಲೇ ಹೆಚ್ಚು. ಮಂಡಿಗೆ ಹೋಗಿಬರುವ ದಾರಿಗೂ ಹೆಲ್ಮೆಟ್ ಬೇಕು.

ಈ ಸಲದ ಕೊಯ್ಲಿಗೆ ಮುನ್ನ ತೋಟದಲ್ಲಿ ಒಂದು ಸುತ್ತು ಬನ್ನಿ. ತಂತಿಗೆ ಹತ್ತಿರದ ಮರಗಳಿಗೆ ಕೆಂಪು ಬಣ್ಣ ಹಚ್ಚಿ, ಹಗ್ಗ, ಪಟ್ಟಿಗಳನ್ನು ಎಳೆದು ಪರೀಕ್ಷಿಸಿ. ಇದಕ್ಕೆ ಅರ್ಧ ದಿನ ಸಾಕು. ಗೊನೆ ಮುಂದಿನ ವರ್ಷವೂ ಬರುತ್ತದೆ. ಬಿದ್ದವನ ಮನೆಗೆ ಅವನು ಮರಳಿ ಬರಲಾರನು.