ಪಟ್ಟಿಯಲ್ಲಿ ಇಲ್ಲದ ಊರು

ಸಕಲೇಶಪುರ, ಆಲೂರು ಕಡೆಯ ಊರ ಹೆಸರುಗಳನ್ನು ಹತ್ತು ಜನರ ಕೈಯಲ್ಲಿ ಬರೆಸಿ ನೋಡಿ. ಒಬ್ಬರು ಹಾನುಬಾಳು ಎಂದು ಬರೆದರೆ ಇನ್ನೊಬ್ಬರು ಹಾನಬಾಳ್ ಎನ್ನುತ್ತಾರೆ. ಕೆಲವರಿಗೆ ಅದು ಯಸಳೂರು, ಕೆಲವರಿಗೆ ಎಸಳೂರು. ಊರಿನವರಿಗೆ ಇದರಿಂದ ಯಾವ ತೊಡಕೂ ಇಲ್ಲ. ಹಲಗೆಯ ಮೇಲೆ ಹೇಗೆ ಬರೆದಿದ್ದರೂ ಬಸ್ಸು ಅಲ್ಲಿಗೇ ಹೋಗುತ್ತದೆ. ತೊಡಕು ಹುಟ್ಟುವುದು ಈ ಹೆಸರನ್ನು ಗಣಕಯಂತ್ರಕ್ಕೆ ಒಪ್ಪಿಸಿದಾಗ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಯಂತ್ರದ ಗೊಡವೆ ಏಕೆಂದು ತಾವು ಕೇಳಬಹುದು. ನಿಘಂಟಿನಲ್ಲಿ ಪದ ಹುಡುಕುವುದೇ ನನ್ನ ಜೀವಮಾನದ ಕಸುಬು. ಯಂತ್ರ ಮಾಡುವುದೂ ಅದನ್ನೇ. ಬಳಕೆದಾರನು ಕೊಟ್ಟ ಕೀಲಿಪದವನ್ನು ಮೊದಲೇ ಗೊತ್ತುಮಾಡಿದ ಒಂದು ಕೋಷ್ಟಕದೊಡನೆ ಹೋಲಿಸಿ, ಇದೆ ಅಥವಾ ಇಲ್ಲ ಎಂದು ಹೇಳುವುದು.

ಈ ಕೆಲಸಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಭಾಷೆಗಳಲ್ಲಿ ‘ಸಿ’ ಎಂಬುದು ಒಂದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ 1972ರ ಸುಮಾರಿಗೆ ಅದನ್ನು ರೂಪಿಸಿದರು. 1978ರಲ್ಲಿ ಬ್ರಯಾನ್ ಕರ್ನಿಘನ್ ಜೊತೆಗೂಡಿ ಅವರು ಬರೆದ ಪುಸ್ತಕದಲ್ಲಿ ಇದೇ ಪಾಠವಿದೆ: ಭಾಷೆಯ ಮೀಸಲು ಪದಗಳನ್ನು ಅಕಾರಾದಿಯಾಗಿ ಕೋಷ್ಟಕದಲ್ಲಿಟ್ಟು, ಓದಿದ ಪ್ರತಿ ಪದವನ್ನೂ ಅದರೊಡನೆ ಹೋಲಿಸಿ ಎಣಿಸುವುದು. 1989ರ ಮಾನಕದಲ್ಲಿ ಅಂಥ ಪದಗಳು 32. ಮೇಲಿನಿಂದ ಕೆಳಕ್ಕೆ ಓದುತ್ತ ಹೋಗಬಹುದು. ನಾಲ್ಕೈದು ಹೋಬಳಿಗಳ ಪಟ್ಟಿಗೆ ಅಷ್ಟೇ ಸಾಕು. ಪಟ್ಟಿ ಬೆಳೆದಾಗ ನಾವು ಕಿಟ್ಟೆಲ್ಲರ 1894ರ ನಿಘಂಟನ್ನು ತೆರೆಯುವಂತೆ ನಡುವೆ ತೆರೆಯಬೇಕು. ಬೇಕಾದ ಪದ ಮುಂದಿದ್ದರೆ ಹಿಂದಿನ ಅರ್ಧವನ್ನು ಬಿಟ್ಟು ಉಳಿದರ್ಧವನ್ನು ಮತ್ತೆ ಇಬ್ಭಾಗಿಸಬೇಕು. ಹೀಗೆ ಮಾಡಿದರೆ 32 ಪದಗಳಿಗೆ ಹೆಚ್ಚೆಂದರೆ 6 ಹೋಲಿಕೆ. ಸಾವಿರ ಹಳ್ಳಿಗಳಿಗೂ 10 ಮೀರುವುದಿಲ್ಲ. ಆದರೆ ಪಟ್ಟಿ ಕ್ರಮದಲ್ಲಿರಲೇಬೇಕು. ಸ್ಥಾನ ತಪ್ಪಿದ ಹೆಸರು ಇದ್ದೂ ಇಲ್ಲದಂತೆ.

ಹೋಲಿಸುವುದು ಎಂಬ ಮಾತೇ ಇಲ್ಲಿ ಜಟಿಲವಾದದ್ದು. ಸಿ ಭಾಷೆಯಲ್ಲಿ ಎರಡು ಪದಗಳ ನಡುವೆ ಸಮಚಿಹ್ನೆಯ ಜೋಡಿಯನ್ನಿಟ್ಟರೆ ಅದು ಪದಗಳನ್ನು ನೋಡುವುದಿಲ್ಲ. ಅವು ಸ್ಮೃತಿಯಲ್ಲಿ ಎಲ್ಲಿವೆ ಎಂಬ ವಿಳಾಸವನ್ನಷ್ಟೇ ನೋಡುತ್ತದೆ. ಅಕ್ಷರಶಃ ಒಂದೇ ಆದ ಪದ ಎರಡು ಮನೆಗಳಲ್ಲಿದ್ದರೆ, ಬೇರೆ ಎಂದೇ ತೀರ್ಪು. ಅದಕ್ಕಾಗಿ ‘ಸ್ಟ್ರ್‌ಕಂಪ್’ ಎಂಬ ಬೇರೊಂದು ಕ್ರಿಯೆಯುಂಟು. ಅದು ಬೈಟಿಗೆ ಬೈಟನ್ನು ಒರೆಗೆ ಹಚ್ಚಿ, ಎರಡೂ ಒಂದೇ ಆಗಿದ್ದರೆ ಸೊನ್ನೆಯನ್ನು ಕೊಡುತ್ತದೆ. ಸೊನ್ನೆ ಎಂದರೆ ಭೇದವಿಲ್ಲ. ನಮ್ಮ ಅದ್ವೈತಿಗಳಿಗೆ ಮೆಚ್ಚುಗೆಯಾಗುವ ಲೆಕ್ಕ! ಆದರೆ ಇಷ್ಟಕ್ಕೂ ವಿಘ್ನವುಂಟು. ಆಲೂರು ಎಂದು ಒತ್ತಿ ಸಾಲು ಮುಗಿಸುವ ಕೀಲಿಯನ್ನು ಅದುಮಿದಾಗ, ಓದುವ ರೀತಿಯನ್ನನುಸರಿಸಿ ಆ ಸಾಲು ಮುಗಿದ ಗುರುತೂ ಪದದ ಬಾಲಕ್ಕೆ ಅಂಟಿಕೊಂಡು ಬರಬಹುದು. ಕಣ್ಣಿಗೆ ಕಾಣದ ಆ ಬಾಲವನ್ನು ಕತ್ತರಿಸದಿದ್ದರೆ ಆಲೂರು ಆಲೂರಲ್ಲ.

ಕನ್ನಡದ ಮಟ್ಟಿಗೆ ಕಾಣದ ಭೇದ ಇನ್ನೂ ಒಂದಿದೆ. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯನ್ನೇ ತೆಗೆದುಕೊಳ್ಳಿ. ಯೂನಿಕೋಡ್ ಪದ್ಧತಿಯಲ್ಲಿ ‘ಹೊ’ ಅಕ್ಷರದ ಒಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎಕಾರ, ಊಕಾರಗಳ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ‘ಕೋ’ ಅಕ್ಷರಕ್ಕೆ ಅದರ ಮೇಲೆ ದೀರ್ಘದ ಗುರುತೂ ಸೇರುತ್ತದೆ. ಸಾಮಾನ್ಯ ಬಳಕೆಯ ಯುಟಿಎಫ್-8 ಕ್ರಮದಲ್ಲಿ ‘ಹೊಸಕೋಟೆ’ ಎಂಬುದು ಒಂದು ರೀತಿಯಲ್ಲಿ 21 ಬೈಟ್, ಇನ್ನೊಂದು ರೀತಿಯಲ್ಲಿ 30. ತೆರೆಯ ಮೇಲೆ ಎರಡೂ ತದ್ರೂಪ. ಸ್ಟ್ರ್‌ಕಂಪಿನ ಪಾಲಿಗೆ ಎರಡು ಬೇರೆ ಊರು. ಕೋಷ್ಟಕವನ್ನೂ ಬಂದ ಪದವನ್ನೂ ಮೊದಲು ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸಬೇಕು. ಇದನ್ನು ಮಾಡದ ಕ್ರಮವಿಧಿ ಕನ್ನಡಕ್ಕೆ ಅಯೋಗ್ಯವೆಂದೇ ನನ್ನ ಅಭಿಪ್ರಾಯ.

ಹಾಗೆಂದು ಸಡಿಲವಾಗಿ ಹೋಲಿಸುವುದೂ ಅಪಾಯ. ಹೆಸರಿನ ಒಂದು ತುಂಡು ಸಿಕ್ಕರೆ ಸಾಕು ಎಂದುಬಿಟ್ಟರೆ, ನಮ್ಮ ಕೆಂಚಮ್ಮನ ಹೊಸಕೋಟೆಯ ಕಾಗದ ಬೆಂಗಳೂರಿನ ಪಕ್ಕದ ಹೊಸಕೋಟೆಗೆ ಹೋಗಿ ಕುಳಿತೀತು.

ಇನ್ನು ವಿಭಕ್ತಿಯ ಮಾತು. ಜನ ಬರೆಯುವುದು ‘ಆಲೂರಿಗೆ’, ‘ಹೊಸಕೋಟೆಯಿಂದ’ ಎಂದು. ಆಲೂರಿಗೆ ಎಂಬುದರಲ್ಲಿ ಪ್ರತ್ಯಯವನ್ನು ಕಳೆದರೆ ಉಳಿಯುವುದು ‘ಆಲೂರ್’. ಲೋಪವಾದ ಉಕಾರವನ್ನು ಮರಳಿ ಕೊಡದೆ ಅದು ಪಟ್ಟಿಯಲ್ಲಿ ಸಿಗದು. ಹೊಸಕೋಟೆಯಿಂದ ಎಂಬಲ್ಲಿ ಯಕಾರ ಆಗಮವಾಗಿ ಬಂದಿದೆ, ಅದನ್ನು ತೆಗೆಯಬೇಕು. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ಸಂಧಿಯ ನಿಯಮಗಳನ್ನೂ ಧಾತುಗಳ ಪಟ್ಟಿಯನ್ನೂ ಕೊಟ್ಟನಷ್ಟೆ. ಕ್ರಮವಿಧಿ ಬರೆಯುವವನು ಅದೇ ನಿಯಮಗಳನ್ನು ಹಿಮ್ಮುಖವಾಗಿ ನಡೆಸಬೇಕಾಗುತ್ತದೆ.

ಇದೆಲ್ಲ ಪಂಡಿತರ ಹರಟೆಯಲ್ಲ. ಕೆಲವು ವರ್ಷಗಳ ಹಿಂದೆ ಕಾಫಿ ತೋಟದಲ್ಲಿ ಆಯುಷ್ಯ ಸವೆಸಿದ ಒಬ್ಬ ವೃದ್ಧೆಯ ಜೊತೆ ನಾನೊಂದು ಕಚೇರಿಗೆ ಹೋಗಿದ್ದೆ. ಆಕೆಯ ಕಾಗದದಲ್ಲಿ ಎಸಳೂರು ಎಂದಿತ್ತು. ಗುಮಾಸ್ತನು ಪ್ರಾಮಾಣಿಕವಾಗಿ ಹಾಗೆಯೇ ಒತ್ತಿದ. ‘ದಾಖಲೆ ಇಲ್ಲ’ ಎಂದು ತೆರೆ ಹೇಳಿತು. ಆಕೆಗೆ ಅದು ಮೂರನೆಯ ಭೇಟಿ. ಮೂರು ದಿನದ ಕೂಲಿ, ಮೂರು ಸಲದ ಬಸ್ಸಿನ ಕಾಸು ಹೋಗಿತ್ತು. ‘ನಾನು ಹುಟ್ಟಿದ ಊರು ಇಲ್ಲವಂತಾ?’ ಎಂದು ನನ್ನನ್ನು ಕೇಳಿದಳು. ಯಕಾರದಿಂದ ಒತ್ತಿಸಿದಾಗ ಊರು ಸಿಕ್ಕಿತು.

ಇದಕ್ಕೆ ಪರಿಹಾರ ದುಬಾರಿಯಲ್ಲ. ಮೂಲ ಕೋಷ್ಟಕವನ್ನು ಮುಟ್ಟದೆ ಪಕ್ಕದಲ್ಲಿ ರೂಪಾಂತರಗಳ ಇನ್ನೊಂದು ಕೋಷ್ಟಕವನ್ನಿಡಬೇಕು: ಎಸಳೂರು, ಯಸಳೂರು ಎರಡೂ ಒಂದೇ ಸಂಖ್ಯೆಯನ್ನು ತೋರುವಂತೆ. ಹಳೆಯ ಹೆಸರುಗಳಿಗೂ ಅಲ್ಲಿ ಎಡೆ ಬೇಕು. ಸಕಲೇಶಪುರ ತಾಲ್ಲೂಕಿಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಮಂಜರಾಬಾದ್ ಎಂದೇ ಹೆಸರು; ಟಿಪ್ಪುವಿನ ಕಾಲದ, 1792ರ ನಕ್ಷತ್ರಾಕಾರದ ಕೋಟೆಗೆ ಇಂದಿಗೂ ಅದೇ ಹೆಸರು. ಅಜ್ಜಂದಿರ ಪತ್ರಗಳನ್ನು ಹಿಡಿದು ಬರುವವರು ಆ ಹೆಸರನ್ನೇ ಹೇಳುತ್ತಾರೆ. ಯಾವುದೂ ಹೊಂದದಿದ್ದಾಗ ಯಂತ್ರವು ತಾನೇ ಊಹಿಸಿ ಮುಂದುವರಿಯಕೂಡದು, ‘ಇಲ್ಲ’ ಎಂದು ಕೈತೊಳೆದುಕೊಳ್ಳಲೂಕೂಡದು. ಹತ್ತಿರದ ನಾಲ್ಕಾರು ಹೆಸರುಗಳನ್ನು ತೆರೆಯ ಮೇಲಿಟ್ಟು ಎದುರಿಗೆ ನಿಂತವರನ್ನು ಕೇಳಬೇಕು. ತನ್ನ ಊರು ಯಾವುದೆಂದು ಆ ವೃದ್ಧೆಗೆ ಗೊತ್ತಿತ್ತು.